ಗಡುವು ತೀರಿದ್ದು ಯಂತ್ರದ್ದೋ, ಕಂಪನಿಯದ್ದೋ?

ಜನಕಪುರಿಯಲ್ಲಿ ಬಹುಕಾಲದಿಂದ ನೆಲೆಸಿರುವ ನಮ್ಮ ಗುಮಾಸ್ತ ಬಂಧುವೊಬ್ಬರು ಇತ್ತೀಚೆಗೆ ಒಂದು ಸಂಜೆ ತಮ್ಮ ಲ್ಯಾಪ್‌ಟಾಪನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಕಚೇರಿಗೆ ಬಂದರು. ಕುಳಿತವರೇ, “ಯಂತ್ರ ಚೆನ್ನಾಗಿಯೇ ಓಡ್ತಾ ಉಂಟು ಮಾರಾಯ್ರೇ. ಆದರೆ ಗಡುವು ತೀರಿತು ಅಂತ ಪರದೆಯ ಮೇಲೆ ಬರ್ತದೆ. ಅಂಗಡಿಯವ ಗುಜರಿಗೆ ಹಾಕಿ ಅಂತಾನೆ. ಮಗಳ ಪರೀಕ್ಷೆ ಮುಂದೆ ಉಂಟು. ಸಾಲ ಮಾಡಿ ಹೊಸದು ತರುವುದಾ?” ಎಂದು ಕೇಳಿದರು. ಅಂಗಡಿಯವನು ಆ ಯಂತ್ರಕ್ಕೆ ಕಟ್ಟಿದ ಬೆಲೆ 1,200 ರೂಪಾಯಿ; ಹೊಸದಕ್ಕೆ ಹೇಳಿದ ಬೆಲೆ 38,000 ರೂಪಾಯಿ. ಈ ಎರಡು ಅಂಕಿಗಳ ನಡುವಿನ ಅಂತರವು ನಮ್ಮ ವಾಚಕರಲ್ಲಿ ಅನೇಕರಿಗೆ ಎರಡು ಮೂರು ತಿಂಗಳ ದುಡಿಮೆಯೇ ಆಗಿರುವುದರಿಂದ, ಈ ಪ್ರಶ್ನೆಯನ್ನು ಒಬ್ಬರ ಮನೆವಾರ್ತೆಯೆಂದು ಬದಿಗಿರಿಸದೆ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ನಡೆದ ಸಂಗತಿ ಇಷ್ಟು. ಮೈಕ್ರೋಸಾಫ್ಟ್ ಕಂಪನಿಯು 2015ರ ಜುಲೈ 29ರಂದು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ಇದೇ ಕೊನೆಯ ವಿಂಡೋಸ್ ಎಂದು ಕಂಪನಿಯ ಅಧಿಕಾರಿಯೊಬ್ಬರು ಅದೇ ವರ್ಷ ಸಭೆಯೊಂದರಲ್ಲಿ ಆಡಿದ ಮಾತು ಜಗತ್ತಿನಾದ್ಯಂತ ಪ್ರಚಾರವಾಯಿತು. ಆದರೆ 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗೋಣವೆಂದರೆ, ಹೊಸದು ಎಲ್ಲ ಯಂತ್ರಗಳನ್ನೂ ಒಪ್ಪುವುದಿಲ್ಲ. ಗುಪ್ತ ಕೀಲಿಗಳನ್ನು ಕಾಯುವ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. ಪ್ರೊಸೆಸರು ಕಂಪನಿಯ ಪಟ್ಟಿಯಲ್ಲಿರಬೇಕು. ಇಂಟೆಲ್ ಯಂತ್ರಗಳಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆ, ಅಂದರೆ 2017ರ ಉತ್ತರಾರ್ಧದಿಂದ ಈಚಿನವು. ಅದಕ್ಕೆ ಹಿಂದಿನ ಯಂತ್ರವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅಧಿಕೃತವಾಗಿ ಅದಕ್ಕೆ ಪ್ರವೇಶವಿಲ್ಲ. ಈ ಒಂದು ನಿರ್ಧಾರದಿಂದ ಸುಮಾರು 24 ಕೋಟಿ ಗಣಕಯಂತ್ರಗಳು ಕಸಕ್ಕೆ ಸೇರಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆಯು 2023ರ ಡಿಸೆಂಬರಿನಲ್ಲಿಯೇ ಅಂದಾಜು ಮಾಡಿತ್ತು.

ಕಾರ್ಯಾಚರಣ ವ್ಯವಸ್ಥೆಯೆಂದರೇನೆಂದು ನಮ್ಮ ಹೋಟೆಲ್ ಬಂಧುಗಳಿಗೆ ಹೇಳಲು ದೂರ ಹೋಗಬೇಕಾಗಿಲ್ಲ. ಅಡುಗೆಮನೆಯಲ್ಲಿ ಒಲೆಯುಂಟು, ಕಾವಲಿಯುಂಟು, ಗ್ರೈಂಡರುಂಟು. ಇವು ಯಂತ್ರದ ಅಂಗಗಳು. ಇವುಗಳಿಂದ ಕೆಲಸ ತೆಗೆಯುವ ಭಟ್ಟರು ಕಾರ್ಯಾಚರಣ ವ್ಯವಸ್ಥೆ. ಇಡ್ಲಿ, ದೋಸೆಗಳೆಂಬ ತಿಂಡಿಗಳು ನಾವು ದಿನವೂ ಬಳಸುವ ತಂತ್ರಾಂಶಗಳು. ಈಗ ಆಗಿರುವುದೇನೆಂದರೆ, ಹಳೆಯ ಭಟ್ಟರು ಇನ್ನು ಮುಂದೆ ಅಡುಗೆಮನೆಯ ಬಾಗಿಲು ಭದ್ರಮಾಡುವ ಹೊಣೆ ತಮ್ಮದಲ್ಲವೆಂದು ಹೇಳಿದ್ದಾರೆ. ಅವರ ಜಾಗಕ್ಕೆ ಬರಬೇಕಾದ ಹೊಸ ಭಟ್ಟರು ಒಲೆಯಿಂದ ಹಿಡಿದು ಸೌಟಿನವರೆಗೆ ಎಲ್ಲವೂ ಹೊಸದಾಗಿದ್ದರೆ ಮಾತ್ರ ಒಳಗೆ ಕಾಲಿಡುತ್ತೇನೆನ್ನುತ್ತಿದ್ದಾರೆ. ಕಾವಲಿ ಸವೆದಿಲ್ಲ. ಒಲೆ ಆರಿಲ್ಲ. ಹೀಗಿರುವಾಗ ಅಡುಗೆಮನೆಯನ್ನೇ ಕೆಡವಬೇಕೆಂಬುದು ಯಾವ ನ್ಯಾಯ?

ಹಾಗೆಂದು ಗಡುವನ್ನು ಲೆಕ್ಕಿಸದೆ ಹಳೆಯದರಲ್ಲಿಯೇ ಮುಂದುವರಿಯಿರೆಂದು ನಾವು ಹೇಳಲಾರೆವು. ಬೆಂಬಲ ನಿಂತ ದಿನ ಯಂತ್ರ ನಿಲ್ಲುವುದಿಲ್ಲವೆಂಬುದು ನಿಜ. ಆದರೆ ಅಂದಿನಿಂದ ಕಂಡುಬರುವ ಬಿರುಕುಗಳನ್ನು ಮುಚ್ಚುವವರಿರುವುದಿಲ್ಲ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಎಂಬ ಪಿಡುಗನ್ನು ಕೆಲವರು ಮರೆತಿರಬಹುದು. ಅದು ಹೊಕ್ಕ ಬಿರುಕನ್ನು ಮುಚ್ಚುವ ಪರಿಷ್ಕರಣೆಯು ಎರಡು ತಿಂಗಳ ಮೊದಲೇ ಬಂದಿತ್ತು. ಹಾಕಿಕೊಳ್ಳದವರೂ ಹಾಕಿಕೊಳ್ಳಲಾಗದ ಹಳೆಯ ವ್ಯವಸ್ಥೆಯವರೂ ಸಿಕ್ಕಿಬಿದ್ದರು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೂಡಲ್ಪಟ್ಟವು. ನಮ್ಮಲ್ಲಿ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳೂ ಅದಕ್ಕೆ ತುತ್ತಾದವು. ಗುಮಾಸ್ತನ ಮನೆಯ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ಖಾತೆ, ಆಧಾರ್, ಪ್ಯಾನ್, ಭವಿಷ್ಯನಿಧಿ ಎಲ್ಲವೂ ಇರುವ ಈ ಕಾಲದಲ್ಲಿ, ಬೀಗವಿಲ್ಲದ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಲಾಗದು.

ಕಂಪನಿಯೂ ಸುಮ್ಮನಿರಲಿಲ್ಲ. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ, ಅಂದರೆ ಮತ್ತೊಂದು ವರ್ಷ, ಭದ್ರತಾ ಪರಿಷ್ಕರಣೆಯನ್ನು 30 ಡಾಲರಿಗೆ ನೀಡುವುದಾಗಿ ಪ್ರಕಟಿಸಿತು. ಯಂತ್ರದ ಸಿದ್ಧತೆಗಳನ್ನು ಕಂಪನಿಯ ಖಾತೆಯೊಡನೆ ಜೋಡಿಸಿದವರಿಗೆ ಹಣವಿಲ್ಲದೆಯೂ ಕೊಟ್ಟಿತು. ವ್ಯಾಪಾರಿಗಳಿಗಾದರೆ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಮುಂದೆ ವರ್ಷವರ್ಷವೂ ಅದರ ಇಮ್ಮಡಿ, ಒಟ್ಟು ಮೂರು ವರ್ಷ. ವಾಯಿದೆ ಕೊಟ್ಟು ಬಡ್ಡಿ ಏರಿಸುವ ಈ ಕ್ರಮವು ಸಾಲ ತಂದು ಹೋಟೆಲ್ ನಡೆಸಿದ ನಮಗೆ ಹೊಸದೇನೂ ಅಲ್ಲ. ಯಂತ್ರ ನಮ್ಮದು, ಹಣ ಕೊಟ್ಟು ಕೊಂಡದ್ದು. ಆದರೆ ಅದು ಎಷ್ಟು ಕಾಲ ಕೆಲಸ ಮಾಡತಕ್ಕದ್ದೆಂಬುದನ್ನು ನಿಶ್ಚಯಿಸುವವರು ಬೇರೆ. ಪ್ರಶ್ನೆಯ ಮೂಲ ಇಲ್ಲಿದೆ.

ಇದಕ್ಕೆ ಬೇರೆ ದಾರಿಯಿಲ್ಲವೆ? ಇದೆ, ಅದೂ ಮೂವತ್ತು ವರ್ಷಗಳಿಗೂ ಹಿಂದಿನಿಂದ ಇದೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಯಾರು ಬೇಕಾದರೂ ಬಳಸುವ, ತಿದ್ದುವ, ಹಂಚುವ ಸ್ವಾತಂತ್ರ್ಯವುಳ್ಳ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ 1983ರಲ್ಲಿ ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತಮ್ಮ 21ನೆಯ ವಯಸ್ಸಿನಲ್ಲಿ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದರು. ಈ ಎರಡರ ಕೂಡಿಕೆಯನ್ನೇ ಜನ ಲಿನಕ್ಸ್ ಎನ್ನುವುದು. ಇದು ಯಾರೋ ಹುಡುಗರ ಆಟಿಕೆಯೆಂದು ತಿಳಿಯುವವರು ತಮ್ಮ ಜೇಬಿನ ಆಂಡ್ರಾಯ್ಡ್ ಮೊಬೈಲಿನ ಒಳಗೂ ಅದೇ ತಿರುಳಿದೆಯೆಂಬುದನ್ನು ಗಮನಿಸಬೇಕು. ಜಗತ್ತಿನ ಅತಿ ವೇಗದ 500 ಮಹಾಗಣಕಗಳೆಲ್ಲವೂ 2017ರ ನವೆಂಬರಿನಿಂದ ಲಿನಕ್ಸಿನಲ್ಲಿಯೇ ಓಡುತ್ತಿವೆ. ನಮ್ಮ ದೆಹಲಿಯ ರಕ್ಷಣಾ ಸಚಿವಾಲಯವೂ ಇದೇ ಕುಲಕ್ಕೆ ಸೇರಿದ ಉಬುಂಟುವಿನ ಆಧಾರದ ಮೇಲೆ ರಚಿತವಾದ ‘ಮಾಯಾ’ ಎಂಬ ವ್ಯವಸ್ಥೆಯನ್ನು ತನ್ನ ಗಣಕಗಳಿಗೆ ಹಾಕತೊಡಗಿದುದು 2023ರಲ್ಲಿ ವರದಿಯಾಯಿತು.

ಆದರೆ ನಮ್ಮವರಿಗೆ ತಿಳಿದಿರಬೇಕಾದ ನಿಜವಾದ ದೃಷ್ಟಾಂತ ದೆಹಲಿಯದಲ್ಲ, ಹೆಲ್ಸಿಂಕಿಯದೂ ಅಲ್ಲ, ಕಾಸರಗೋಡಿನದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಗಾಯ ಕನ್ನಡಿಗರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ. ಆ ಬಗ್ಗೆ ಕೇರಳದ ಮೇಲೆ ನಮಗಿರುವ ದೂರುಗಳಲ್ಲಿ ಒಂದನ್ನೂ ಈ ಲೇಖನದ ಮೂಲಕ ಹಿಂತೆಗೆದುಕೊಳ್ಳುತ್ತಿಲ್ಲ. ಆದರೂ ಒಪ್ಪಬೇಕಾದುದನ್ನು ಒಪ್ಪಬೇಕು. ಕೇರಳ ಸರಕಾರವು 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆಯನ್ನು ಆರಂಭಿಸಿ, ಕೆಲವೇ ವರ್ಷಗಳಲ್ಲಿ ಶಾಲೆಗಳ ಗಣಕಪಾಠವನ್ನು ಸ್ವತಂತ್ರ ತಂತ್ರಾಂಶಕ್ಕೆ ತಿರುಗಿಸಿತು. 2017ರಲ್ಲಿ ಆ ಯೋಜನೆಯೇ ‘ಕೈಟ್’ ಎಂಬ ಸರಕಾರಿ ಕಂಪನಿಯಾಯಿತು. ಅದು ಉಬುಂಟುವನ್ನು ಶಾಲೆಗಳಿಗೆ ತಕ್ಕಂತೆ ಹದಮಾಡಿ ಹಂಚುತ್ತಿದೆ. ಗಣಕಪಾಠದ ಪುಸ್ತಕಗಳು ಮಲಯಾಳ, ಇಂಗ್ಲಿಷುಗಳಲ್ಲದೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇವೆ. ಎಂದರೆ, ಕಾಸರಗೋಡಿನ ಕನ್ನಡ ಶಾಲೆಯ ಹುಡುಗಿಯೊಬ್ಬಳು ಕಡತ ತೆರೆಯುವುದನ್ನೂ ಚಿತ್ರ ಬಿಡಿಸುವುದನ್ನೂ ಕಲಿಯುವುದು ವಿಂಡೋಸಿನಲ್ಲಲ್ಲ, ಲಿನಕ್ಸಿನಲ್ಲಿ. ಅದೂ ಕನ್ನಡ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು. ಅಕ್ಷರ ಬಲ್ಲ ಮಗು ಕಲಿಯಬಲ್ಲುದನ್ನು ದೆಹಲಿಯ ಪದವೀಧರ ಗುಮಾಸ್ತನು ಕಲಿಯಲಾರನೆಂದರೆ ನಂಬಲಾಗುವುದಿಲ್ಲ.

ಇಲ್ಲಿ ಒಂದು ಮಾತು. 2019ರಲ್ಲಿ ಕೈಟ್ ಸಂಸ್ಥೆಯು, ಎರಡು ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಸ್ವತಂತ್ರ ವ್ಯವಸ್ಥೆಯನ್ನು ಹಾಕುವುದರಿಂದ ರಾಜ್ಯಕ್ಕೆ 3,000 ಕೋಟಿ ರೂಪಾಯಿ ಉಳಿತಾಯವೆಂದು ಹೇಳಿತು. ಭಾಗಿಸಿ ನೋಡಿದರೆ ಯಂತ್ರವೊಂದಕ್ಕೆ ಸುಮಾರು ಒಂದೂವರೆ ಲಕ್ಷ ರೂಪಾಯಿ! ಕೊಳ್ಳಬಹುದಾದ ಎಲ್ಲ ತಂತ್ರಾಂಶಗಳಿಗೂ ಅಂಗಡಿಯ ಪೂರ್ಣ ಬೆಲೆ ಹಾಕಿದರೆ ಮಾತ್ರ ಬರಬಹುದಾದ ಲೆಕ್ಕವಿದು. ಗಲ್ಲಾದ ಮೇಲೆ ಕುಳಿತವನು ಒಪ್ಪುವ ಲೆಕ್ಕವಲ್ಲ. ಹತ್ತರಲ್ಲಿ ಒಂದು ಪಾಲು ಉಳಿದಿದ್ದರೂ ಅದು ಹೆಮ್ಮೆಪಡತಕ್ಕ ಉಳಿತಾಯವೇ. ಕೇರಳದ ನಿಜವಾದ ಸಾಧನೆ ಈ ಅಂಕಿಯಲ್ಲಿಲ್ಲ. ಅದು ಮೊದಲು ಉಪಾಧ್ಯಾಯರನ್ನು ತರಬೇತುಗೊಳಿಸಿತು. 2018ರಿಂದ ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟಗಳನ್ನು ಪ್ರೌಢಶಾಲೆಗಳಲ್ಲಿ ಕಟ್ಟಿತು. ಕೆಟ್ಟರೆ ಕೇಳಲು ಪಕ್ಕದಲ್ಲಿ ಒಬ್ಬರಿದ್ದಾರೆಂಬ ಧೈರ್ಯವನ್ನು ಕೊಟ್ಟಿತು.

ಈ ಧೈರ್ಯವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಜರ್ಮನಿಯ ಮ್ಯೂನಿಕ್ ನಗರವನ್ನು ನೋಡಬಹುದು. ಅಲ್ಲಿನ ನಗರಸಭೆಯು 2003ರಲ್ಲಿ ವಿಂಡೋಸನ್ನು ಬಿಡಲು ನಿಶ್ಚಯಿಸಿ, ಹತ್ತಾರು ಸಾವಿರ ನೌಕರರ ಗಣಕಗಳನ್ನು ಲಿನಕ್ಸಿಗೆ ತಂದಿತು. 2017ರಲ್ಲಿ ಅದೇ ನಗರಸಭೆ ಮರಳಿ ವಿಂಡೋಸಿಗೆ ಹೋಗಲು ಮತ ಹಾಕಿತು. ಹೊರಗಿನವರ ಕಡತಗಳು ಸರಿಯಾಗಿ ತೆರೆಯುವುದಿಲ್ಲವೆಂಬ ದೂರು, ನೌಕರರ ಬೇಸರ, ರಾಜಕೀಯ, ಎಲ್ಲವೂ ಅದರಲ್ಲಿ ಬೆರೆತಿದ್ದವು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಸಂಸ್ಥಾನವು 2024ರಲ್ಲಿ 30,000 ಗಣಕಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಒಯ್ಯಲು ನಿಶ್ಚಯಿಸಿತು. ಆದುದರಿಂದ ಇದನ್ನು ಸರ್ವರೋಗ ನಿವಾರಕ ಲೇಹವೆಂದು ಮಾರಲು ನಾವು ಹೊರಟಿಲ್ಲ.

ನಮ್ಮ ಅನುಭವವನ್ನೇ ಹೇಳುತ್ತೇವೆ. ನಾವು ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿ ಹೋಟೆಲಿಗೆ ಸೇರಿದವರು; ಗಣಕಶಾಸ್ತ್ರದಲ್ಲಿ ಪಂಡಿತರಲ್ಲ. ಹೋಟೆಲಿನ ಗಲ್ಲಾದ ಮೇಲೆ ಬಿಲ್ಲು ಬರೆಯುತ್ತಿದ್ದ, 2013ರಲ್ಲಿ ಕೊಂಡ ಗಣಕವೊಂದು ಪತ್ರಿಕೆಯ ಕಚೇರಿಗೆ ನಮ್ಮೊಡನೆಯೇ ಬಂದಿತ್ತು. ಬೆಳಿಗ್ಗೆ ಗುಂಡಿ ಒತ್ತಿ, ಕಾಫಿ ಕುಡಿದು, ಪತ್ರಿಕೆ ಓದಿ ಮುಗಿಸಿದರೂ ಅದು ಏಳುತ್ತಿರಲಿಲ್ಲ. ಅದರ ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆಸಿ, 2,200 ರೂಪಾಯಿ ಕೊಟ್ಟು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪವನ್ನು ಹಾಕಿದೆವು. ಈಗ ಅದು ಒಂದು ನಿಮಿಷದೊಳಗೆ ಕೆಲಸಕ್ಕೆ ಸಿದ್ಧ. ಈ ವೇಗದಲ್ಲಿ ಹೆಚ್ಚಿನ ಪಾಲು ಎಸ್‌ಎಸ್‌ಡಿಯದೇ ಎಂಬುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗದು. ಹಳೆಯ ಡಿಸ್ಕನ್ನೇ ಉಳಿಸಿಕೊಂಡವರು ಅಷ್ಟು ಲಾಭವನ್ನು ಎದುರುನೋಡಬಾರದು.

ತೊಂದರೆಗಳೂ ಆದವು. ಮೊದಲ ದಿನ ವೈಫೈ ಹಿಡಿಯಲಿಲ್ಲ; ಮೊಬೈಲನ್ನು ತಂತಿಯಿಂದ ಗಣಕಕ್ಕೆ ಜೋಡಿಸಿ ಅದರ ಇಂಟರ್‌ನೆಟ್ಟಿನಿಂದಲೇ ಬೇಕಾದ ಚಾಲಕ ತಂತ್ರಾಂಶವನ್ನು ಇಳಿಸಿಕೊಂಡ ಮೇಲೆ ಸರಿಹೋಯಿತು. ಬಿಲ್ಲು ಮುದ್ರಿಸುವ ಸಣ್ಣ ಯಂತ್ರವು ಎರಡು ದಿನ ಹಟ ಹಿಡಿಯಿತು. ಎಲ್ಲಕ್ಕಿಂತ ದೊಡ್ಡ ನಷ್ಟವು ನಮ್ಮ ಸ್ವಂತ ಅಜಾಗರೂಕತೆಯಿಂದಲೇ ಆಯಿತು. ಕಡತಗಳೆಲ್ಲವನ್ನೂ ನಕಲು ಮಾಡಿಕೊಂಡಿದ್ದೇವೆಂಬ ಭ್ರಮೆಯಲ್ಲಿ ಡಿಸ್ಕನ್ನು ಅಳಿಸಿದೆವು. ಒಂದು ವರ್ಷದ ಹಾಲು-ದಿನಸಿಗಳ ಲೆಕ್ಕ ಡೆಸ್ಕ್‌ಟಾಪಿನ ಮೂಲೆಯೊಂದರಲ್ಲಿ ಉಳಿದುಹೋಗಿ, ಶಾಶ್ವತವಾಗಿ ಹೋಯಿತು. ವಾಚಕರು ಇದನ್ನು ಮಾಡುವ ಮುನ್ನ ತಮ್ಮ ಕಡತಗಳನ್ನು ಒಂದಲ್ಲ ಎರಡು ಕಡೆ ನಕಲು ಮಾಡಿ, ತೆರೆದು ನೋಡಿ, ಅನಂತರವೇ ಮುಂದುವರಿಯಬೇಕು.

ಮಾಡುವ ವಿಧಾನ ಕಷ್ಟದ್ದಲ್ಲ. ಲಿನಕ್ಸ್ ಮಿಂಟಿನ ಪ್ರತಿಯನ್ನು ಅದರ ತಾಣದಿಂದ ಇಳಿಸಿಕೊಳ್ಳಬೇಕು; ಸುಮಾರು ಮೂರು ಜಿಬಿ. ಹಣ ಕೊಡಬೇಕಾಗಿಲ್ಲ. ಅದನ್ನು 8 ಜಿಬಿಯ ಪೆನ್‌ಡ್ರೈವಿಗೆ, ಅದಕ್ಕೆಂದೇ ಇರುವ ಸಾಧನದಿಂದ, ಬರೆಯಬೇಕು. ಸುಮ್ಮನೆ ನಕಲಿಸಿದರೆ ಸಾಲದು. ಯಂತ್ರ ಏಳುವಾಗ ಎಫ್12 ಅಥವಾ ಎಫ್2 ಒತ್ತಿ (ಒಂದೊಂದು ತಯಾರಕರದು ಒಂದೊಂದು ಕೀಲಿ) ಪೆನ್‌ಡ್ರೈವಿನಿಂದ ಎಬ್ಬಿಸಬೇಕು. ಆಗ ಹೊಸ ವ್ಯವಸ್ಥೆಯು ಡಿಸ್ಕನ್ನು ಮುಟ್ಟದೆಯೇ ಪೆನ್‌ಡ್ರೈವಿನಿಂದ ಓಡುತ್ತದೆ. ಭಟ್ಟರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಒಂದು ಹೊತ್ತಿನ ಅಡುಗೆ ಮಾಡಿಸಿ ರುಚಿ ನೋಡುವಂತೆ ಇದು. ವೈಫೈ ಹಿಡಿಯುತ್ತದೆಯೆ, ಧ್ವನಿ ಬರುತ್ತದೆಯೆ, ಮುದ್ರಣಯಂತ್ರ ಮಾತು ಕೇಳುತ್ತದೆಯೆ ಎಂಬುದನ್ನು ಆಗಲೇ ನೋಡಿಕೊಳ್ಳಬಹುದು. ಒಪ್ಪಿಗೆಯಾಗದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು, ಹಳೆಯದು ಹಾಗೆಯೇ ಇರುತ್ತದೆ. 2 ಜಿಬಿ ಮೆಮೊರಿಯಲ್ಲಿ ಇದು ಕುಂಟುತ್ತಲಾದರೂ ಓಡುತ್ತದೆ. 4 ಜಿಬಿ ಇದ್ದರೆ ನೆಮ್ಮದಿ. ಮಿಂಟಿನ 22ನೆಯ ಮಾಲೆಗೆ 2029ರವರೆಗೆ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. ಆದರೆ 32 ಬಿಟ್ಟಿನ ತೀರ ಹಳೆಯ ಯಂತ್ರಗಳಿಗೆ ಈ ಲೋಕದಲ್ಲಿಯೂ ಆಶ್ರಯ ಕಡಿಮೆಯಾಗುತ್ತಿದೆ. ಹಳೆಯದನ್ನು ಸುಲಭವಾಗಿ ಕೈಬಿಡದ ಡೆಬಿಯನ್ ಸಹ 2025ರ ಆಗಸ್ಟಿನಲ್ಲಿ ಬಂದ 13ನೆಯ ಆವೃತ್ತಿಯಿಂದ ಅಂಥ ಯಂತ್ರಗಳಲ್ಲಿ ಸ್ಥಾಪಿಸುವ ಸೌಲಭ್ಯವನ್ನು ನಿಲ್ಲಿಸಿದೆ.

ಯಾರು ಬದಲಾಯಿಸಬಾರದು? ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಹೋಟೆಲುಗಳು ಆತುರಪಡಬಾರದು. ಅದು ವಿಂಡೋಸಿಗಾಗಿಯೇ ಇರುವ ತಂತ್ರಾಂಶ. ಬಿಲ್ಲಿನ ತಂತ್ರಾಂಶ ಕೊಟ್ಟವರನ್ನು ಕೇಳದೆ ಗಲ್ಲಾದ ಯಂತ್ರವನ್ನು ಮುಟ್ಟಬಾರದು. ಜಿಎಸ್‌ಟಿಯ ಎಕ್ಸೆಲ್ ಸಾಧನಗಳನ್ನು ಬಳಸುವವರೂ, ಡಿಜಿಟಲ್ ಸಹಿಯ ಟೋಕನ್ ಇರುವವರೂ ಮೊದಲು ವಿಚಾರಿಸಬೇಕು. ಸರಕಾರಿ ಕಚೇರಿಯಿಂದ ಕೊಟ್ಟ ಯಂತ್ರವನ್ನಂತೂ ಯಾರೂ ಸ್ವಂತ ಬುದ್ಧಿಯಿಂದ ತಿದ್ದತಕ್ಕದ್ದಲ್ಲ, ನೌಕರಿಗೇ ಸಂಚಕಾರ ಬಂದೀತು. ಉಳಿದಂತೆ ಬ್ಯಾಂಕಿನ ವ್ಯವಹಾರ, ರೈಲು ಟಿಕೇಟು, ಪತ್ರ ಬರೆಯುವುದು, ಊರಿನವರೊಡನೆ ಮುಖ ನೋಡಿ ಮಾತನಾಡುವುದು ಇಷ್ಟೇ ಆದರೆ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಜೂಮ್ ಎಲ್ಲವೂ ಅಲ್ಲಿವೆ. ಸಿಬಿಎಸ್‌ಇಯ ಹನ್ನೊಂದು, ಹನ್ನೆರಡನೆಯ ತರಗತಿಗಳ ಗಣಕವಿಜ್ಞಾನದಲ್ಲಿ ಕಲಿಸುವ ಪೈಥಾನ್ ಇದರಲ್ಲಿ ಮೊದಲೇ ಸೇರಿಕೊಂಡಿರುತ್ತದೆ.

ಕನ್ನಡದ ವಿಷಯದಲ್ಲಿ ನಮ್ಮ ಆತಂಕ ಹೆಚ್ಚಾಗಿತ್ತು. ಕನ್ನಡ ಬರೆಯಲಾಗದ ಯಂತ್ರ ಈ ಕಚೇರಿಗೆ ಬೇಡ. ಆದರೆ ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯ ಮೂಲಕ ಮನೆಮಾತಾದ ಕೀಲಿಮಣೆಯ ವಿನ್ಯಾಸವು ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೇ ಇದೆ, ಸಿದ್ಧತೆಗಳಲ್ಲಿ ಆರಿಸಿಕೊಂಡರಾಯಿತು. ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಬರೆದ ಲೇಖನಗಳು ತೆರೆದರೆ ಕಾಗೆ-ಗುಬ್ಬಿಯ ಕಾಲಿನ ಗುರುತಿನಂತೆ ಕಾಣುತ್ತವೆ. ಅವನ್ನು ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತರಬೇಕು. ಒತ್ತಕ್ಷರಗಳನ್ನು ಮತ್ತೊಮ್ಮೆ ಕಣ್ಣಿಟ್ಟು ನೋಡಬೇಕು. ಪರದೆಯ ಸೂಚನೆಗಳ ಕನ್ನಡ ಅನುವಾದ ಅಲ್ಲಲ್ಲಿ ಅರೆಬರೆಯಾಗಿದೆ. ಆದರೆ ಇದು ಯಾರೂ ತಿದ್ದಬಹುದಾದ ತಂತ್ರಾಂಶವಾದುದರಿಂದ, ತಪ್ಪು ಕಂಡ ಕನ್ನಡಿಗನೇ ಅದನ್ನು ಸರಿಪಡಿಸಿ ಕಳುಹಿಸಬಹುದು. ಬೇರೆಡೆ ಅರ್ಜಿ ಹಾಕಿ ಕಾಯಬೇಕಾಗುತ್ತದೆ.

ಗುಜರಿಯ ಮಾತಿಗೆ ಬರೋಣ. ಜನಕಪುರಿಯಲ್ಲಿ ಬಿಸುಟ ಗಣಕ ಎಲ್ಲಿಗೆ ಹೋಗುತ್ತದೆ? ಯಮುನೆಯ ಆಚೆಯ ಸೀಲಂಪುರದ ಓಣಿಗಳಲ್ಲಿ ಬಡ ಹೆಂಗಸರೂ ಹುಡುಗರೂ ಬರಿಗೈಯಲ್ಲಿ ಇಂಥ ಯಂತ್ರಗಳನ್ನು ಒಡೆದು ತಾಮ್ರ ತೆಗೆಯುವುದನ್ನು, ಹಲಗೆಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನದ ಕಣ ಹುಡುಕುವುದನ್ನು ಪತ್ರಿಕೆಗಳು ಎಷ್ಟೋ ಸಲ ಬರೆದಿವೆ. 2022ರಲ್ಲಿ ಜಗತ್ತಿನಲ್ಲಿ ಉತ್ಪನ್ನವಾದ ಇಂಥ ಕಸ 6.2 ಕೋಟಿ ಟನ್ನು. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾದುದು ನೂರಕ್ಕೆ 22ರಷ್ಟು ಮಾತ್ರವೆಂದು ವಿಶ್ವಸಂಸ್ಥೆಯ 2024ರ ವರದಿ ಹೇಳುತ್ತದೆ. ಭಾರತ ಸರಕಾರದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದರೂ, ಮನೆಬಾಗಿಲಿಗೆ ಬರುವ ಕಬಾಡಿಯವನಿಗೆ ಅವುಗಳ ಸುದ್ದಿ ಮುಟ್ಟಿದಂತಿಲ್ಲ. ಅಲ್ಲದೆ, 1,200 ರೂಪಾಯಿಗೆ ಕೊಟ್ಟ ಯಂತ್ರದೊಡನೆ ನಿಮ್ಮ ಮನೆಯವರೆಲ್ಲರ ಆಧಾರ್ ಪ್ರತಿಗಳೂ ಹೋಗುತ್ತವೆ! ಡಿಸ್ಕನ್ನು ಕಳಚಿ ಇಟ್ಟುಕೊಳ್ಳದೆ ಅಥವಾ ಪೂರ್ತಿಯಾಗಿ ಅಳಿಸದೆ ಯಾರಿಗೂ ಕೊಡಬೇಡಿರಿ.

ಇನ್ನು, ಹೊಸದರ ಬೆಲೆ ಇಳಿಯಲೆಂದು ಕಾಯುವವರಿಗೂ ಕಾಲ ಅನುಕೂಲವಾಗಿರಲಿಲ್ಲ. ಕೃತಕ ಬುದ್ಧಿಮತ್ತೆಯ ಭಾರಿ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡ ಪರಿಣಾಮವಾಗಿ 2025ರ ಕೊನೆಯ ತಿಂಗಳುಗಳಲ್ಲಿ ಅವುಗಳ ಬೆಲೆ ಥಟ್ಟನೆ ಏರಿತು. ದೊಡ್ಡವರ ಮದುವೆಯ ಊಟಕ್ಕೆ ಪೇಟೆಯ ತೆಂಗಿನಕಾಯಿಯೆಲ್ಲ ಹೋದರೆ ಸಣ್ಣ ಹೋಟೆಲಿನ ಚಟ್ನಿಗೆ ತಗಲುವ ಬೆಲೆಯಂತೆಯೇ ಇದು.

ನಮ್ಮ ಸೂಚನೆಯೊಂದಿದೆ. ದೆಹಲಿಯಲ್ಲಿ ಕನ್ನಡಿಗರ ಸಂಘ-ಕೂಟಗಳಿಗೆ ಕೊರತೆಯಿಲ್ಲ. ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘದ ಕಟ್ಟಡವೇ ಇದೆ. ರಾಜ್ಯೋತ್ಸವಕ್ಕೂ ಯಕ್ಷಗಾನಕ್ಕೂ ಸೇರುವ ನಾವು ಒಂದು ಭಾನುವಾರ ಹಳೆಯ ಯಂತ್ರಗಳೊಡನೆ ಸೇರಬಾರದೇಕೆ? ಗುರುಗ್ರಾಮ, ನೋಯ್ಡಾಗಳ ಕಂಪನಿಗಳಲ್ಲಿ ದುಡಿಯುವ ನಮ್ಮ ಹುಡುಗರಲ್ಲಿ ಈ ವಿದ್ಯೆ ಬಲ್ಲವರಿರಬೇಕು. ಹೋಟೆಲಿನ ಸಪ್ಲೈಯರ್ ಹುಡುಗನ ಲ್ಯಾಪ್‌ಟಾಪಿನ ಮುಂದೆ ಅವರಲ್ಲೊಬ್ಬರು ಅರ್ಧ ಗಂಟೆ ಕುಳಿತರೆ ಸಾಕು. ಉಪ್ಪಿಟ್ಟು-ಕಾಫಿಯ ಹೊಣೆ ನಮ್ಮದು.

ಗುಮಾಸ್ತ ಬಂಧುವಿನ ಲ್ಯಾಪ್‌ಟಾಪು ಒಂದು ವಾರ ನಮ್ಮ ಮೇಜಿನ ಮೇಲಿತ್ತು. ಆರನೆಯ ಪೀಳಿಗೆಯ ಪ್ರೊಸೆಸರು, 8 ಜಿಬಿ ಮೆಮೊರಿ. ಗುಜರಿಗೆ ಹಾಕೆಂದವನ ಬುದ್ಧಿಗೆ ಏನೆನ್ನೋಣ! ಮೊದಲ ಎರಡು ದಿನ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿದೆವು. ಕಡತಗಳನ್ನು ಎರಡು ಕಡೆ ನಕಲು ಮಾಡಿಸಿದೆವು. ಮೂರನೆಯ ದಿನ ಅವರ ಮಗಳೇ ಬಂದು ಕುಳಿತು ಸ್ಥಾಪನೆ ಮುಗಿಸಿದಳು. ಬೆರಳಚ್ಚಿನ ಬೀಗ ಮಾತ್ರ ಕೆಲಸ ಮಾಡುತ್ತಿಲ್ಲ. ಅದಕ್ಕೆ ಉಪಾಯ ನಮಗಿನ್ನೂ ಹೊಳೆದಿಲ್ಲ. ಬಲ್ಲ ವಾಚಕರಿದ್ದರೆ ಕಚೇರಿಗೆ ಬರೆಯಬೇಕಾಗಿ ಕೋರುತ್ತೇವೆ.